ಝಾನ್ ಮೊರೊಳನ್ನು ಯಾರೂ ಕಂಡುಹಿಡಿಯಲಿಲ್ಲ

ಫ್ರೆಂಚ್ ಸಿನಿಮಾದ ಬಗ್ಗೆ ಅಷ್ಟಿಷ್ಟು ಓದಿಕೊಂಡವರನ್ನು ಝಾನ್ ಮೊರೊ ಯಾರೆಂದು ಕೇಳಿ ನೋಡಿ. ಹೆಚ್ಚಿನವರು ಒಂದೇ ಕಥೆ ಹೇಳುತ್ತಾರೆ. ಐವತ್ತರ ದಶಕದಲ್ಲಿ ಸಾಧಾರಣ ಚಿತ್ರಗಳಲ್ಲಿ ಸಿಕ್ಕ ಪಾತ್ರ ಮಾಡಿಕೊಂಡಿದ್ದ ನಟಿಯೊಬ್ಬಳನ್ನು ಲೂಯಿ ಮಾಲ್ ಎಂಬ ಯುವಕ ಗುರುತಿಸಿದ. ಮೇಕಪ್ ಇಲ್ಲದೆ ರಾತ್ರಿಯ ಪ್ಯಾರಿಸ್ ಬೀದಿಗಳಲ್ಲಿ ನಡೆಸಿದ. ಆಮೇಲೆ ಫ್ರಾನ್ಸ್ವಾ ತ್ರುಫೊ ಬಂದು ‘ಜೂಲ್ಸ್ ಅಂಡ್ ಜಿಮ್’ನಲ್ಲಿ ಆಕೆಯನ್ನು ಅಮರಳನ್ನಾಗಿಸಿದ. ಹೀಗೆ ಹೊಸ ಅಲೆ ಎಂಬ ಚಳವಳಿ ತನ್ನ ನಾಯಕಿಯನ್ನು ತಾನೇ ಕಡೆದು ನಿಲ್ಲಿಸಿತು. 2017ರ ಜುಲೈ 31ರಂದು, 89ನೇ ವಯಸ್ಸಿನಲ್ಲಿ, ಆಕೆ ತೀರಿಕೊಂಡಾಗ ಬಂದ ಬರಹಗಳಲ್ಲೂ ‘ಹೊಸ ಅಲೆಯ ತಾರೆ’ ಎಂಬ ಬಿರುದೇ ಮತ್ತೆ ಮತ್ತೆ ಕಾಣಿಸಿತು.

ಈ ಕಥೆಯಲ್ಲಿ ಬರುವ ಪ್ರಸಂಗಗಳೆಲ್ಲ ನಡೆದವೇ. ಅವುಗಳ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅವುಗಳನ್ನು ಪೋಣಿಸಿರುವ ಬಗೆಗೆ. ಯಾರು ಮೊದಲು ಬಂದರು, ಯಾರಿಗೆ ಯಾರ ಅಗತ್ಯವಿತ್ತು, ಕೈಸುಟ್ಟುಕೊಳ್ಳುವ ಅಪಾಯ ಯಾರಿಗಿತ್ತು ಎಂದು ಒಂದೊಂದಾಗಿ ಪರಿಶೀಲಿಸುತ್ತ ಹೋದರೆ ಕಥೆ ಬೇರೆಯೇ ಆಗುತ್ತದೆ. ಮಾಲ್, ತ್ರುಫೊ ಇಬ್ಬರನ್ನೂ ಮೆಚ್ಚುವವನು ನಾನು. ಅವರ ಪಾಲನ್ನು ಕಡಿಮೆ ಮಾಡಬೇಕೆಂಬ ಹಟ ನನಗಿಲ್ಲ. ಮೊರೊಳ ಪಾಲೂ ಅವರ ಲೆಕ್ಕಕ್ಕೇ ಜಮೆಯಾಗಿಬಿಟ್ಟಿದೆ. ಅದನ್ನು ಆಕೆಯ ಹೆಸರಿಗೆ ಬರೆಯಬೇಕೆಂಬುದಷ್ಟೇ ನನ್ನ ವಾದ.

ಮೊದಲು ಇಸವಿಗಳನ್ನು ನೋಡೋಣ. ಮೊರೊ ಹುಟ್ಟಿದ್ದು 1928ರ ಜನವರಿ 23ರಂದು, ಪ್ಯಾರಿಸ್‌ನಲ್ಲಿ. ತಂದೆ ಹೋಟೆಲು ನಡೆಸುತ್ತಿದ್ದವರು. ತಾಯಿ ಇಂಗ್ಲೆಂಡಿನ ಲ್ಯಾಂಕಾಶೈರ್ ಕಡೆಯವರು, ಪ್ಯಾರಿಸ್ಸಿನ ಫೋಲಿ ಬೆರ್ಜೆರ್‌ನಲ್ಲಿ ನರ್ತಕಿಯಾಗಿದ್ದವರು. ಜರ್ಮನ್ನರ ವಶದಲ್ಲಿದ್ದ ನಗರದಲ್ಲಿ, 1944ರಲ್ಲಿ, ಅನುಯಿ ಬರೆದ ‘ಆಂಟಿಗನಿ’ ನಾಟಕ ನೋಡಿದ ಈ ಹುಡುಗಿ ನಟಿಯಾಗಬೇಕೆಂದು ತೀರ್ಮಾನಿಸಿದಳು. ತಂದೆಗೆ ಅದು ಸುತರಾಂ ಇಷ್ಟವಿರಲಿಲ್ಲ. ಆದರೂ ಯುದ್ಧ ಮುಗಿದ ಮೇಲೆ ಆಕೆ ಪ್ಯಾರಿಸ್ಸಿನ ನಾಟಕ ಶಾಲೆಯಾದ ಕನ್ಸರ್ವೇಟರಿ ಸೇರಿದಳು. 1947ರಲ್ಲಿ ಝಾಂ ವಿಲಾರ್ ಆವಿನ್ಯೋಂ ಪಟ್ಟಣದಲ್ಲಿ ಮೊಟ್ಟಮೊದಲ ನಾಟಕೋತ್ಸವ ನಡೆಸಿದಾಗ ಆ ತಂಡದಲ್ಲಿ ಆಕೆಯೂ ಇದ್ದಳು.

ಅಲ್ಲಿಂದ ಮುಂದೆ ಕಾಮೆದೀ ಫ್ರಾನ್ಸೇಸ್. 1680ರಲ್ಲಿ ಶುರುವಾದ, ಮೊಲಿಯೇರನ ಮನೆ ಎಂದು ಫ್ರೆಂಚರು ಕರೆಯುವ ರಂಗಸಂಸ್ಥೆಯದು. ಇಪ್ಪತ್ತರ ಹರೆಯದಲ್ಲಿ ಅಲ್ಲಿಗೆ ಕಾಲಿಡುವುದು ಸಣ್ಣ ಮಾತಲ್ಲ. ಅದನ್ನು ತಾನಾಗಿಯೇ ಬಿಟ್ಟುಬರುವುದಕ್ಕೆ ಇನ್ನೂ ಹೆಚ್ಚಿನ ಧೈರ್ಯ ಬೇಕು. ಐವತ್ತರ ದಶಕದ ಆರಂಭದಲ್ಲಿ ಮೊರೊ ಅದನ್ನೇ ಮಾಡಿದಳು. ವಿಲಾರ್ ಕಟ್ಟುತ್ತಿದ್ದ, ಕಡಿಮೆ ದರದ ಟಿಕೆಟ್ಟಿನಲ್ಲಿ ದುಡಿಯುವ ಜನರಿಗೆ ಶ್ರೇಷ್ಠ ನಾಟಕ ತೋರಿಸುವ ರಂಗಮಂದಿರಕ್ಕೆ ಹೋಗಿ, ಆ ಕಾಲದ ಮಹಾನಟ ಝೆರಾರ್ ಫಿಲಿಪ್‌ನ ಜೊತೆ ಅಭಿನಯಿಸಿದಳು. 1954ರಲ್ಲಿ ಕೊಕ್ತೋನ ನಾಟಕದಲ್ಲಿ ಸ್ಫಿಂಕ್ಸ್ ಆದಳು. 1955ರಲ್ಲಿ ಬರ್ನಾರ್ಡ್ ಶಾನ ‘ಪಿಗ್ಮೇಲಿಯನ್’ನಲ್ಲಿ ಎಲೈಝಾ. 1956ರಲ್ಲಿ ಟೆನೆಸಿ ವಿಲಿಯಮ್ಸ್‌ನ ‘ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್’ನಲ್ಲಿ ಮ್ಯಾಗಿ, ನಿರ್ದೇಶಕ ಪೀಟರ್ ಬ್ರೂಕ್. ಈ ನಾಟಕ ನೋಡಲು ಬಂದ ಪ್ರೇಕ್ಷಕರಲ್ಲಿ ಲೂಯಿ ಮಾಲ್ ಒಬ್ಬ.

ಅಂದರೆ ಮಾಲ್ ಆಕೆಯನ್ನು ‘ಗುರುತಿಸಿದ್ದು’ ಯಾವುದೋ ಮೂಲೆಯಲ್ಲಲ್ಲ. ಪ್ಯಾರಿಸ್ಸಿನ ಹೆಸರಾಂತ ರಂಗಮಂದಿರದಲ್ಲಿ, ಮುಖ್ಯ ಪಾತ್ರದಲ್ಲಿ, ದುಡ್ಡು ಕೊಟ್ಟು ಟಿಕೆಟ್ ಕೊಂಡ ಜನರ ಎದುರಿಗೆ. ಸಿನಿಮಾದಲ್ಲೂ ಆಕೆ ಹೊಸಬಳಾಗಿರಲಿಲ್ಲ. 1949ರಿಂದ ಆ ಹೊತ್ತಿಗೆ ಸುಮಾರು ಇಪ್ಪತ್ತು ಚಿತ್ರಗಳು ಆಗಿದ್ದವು. ಝಾಕ್ ಬೆಕೆರ್‌ನ 1954ರ ಪಾತಕಲೋಕದ ಚಿತ್ರದಲ್ಲಿ ಝಾಂ ಗಬಾಂನಿಂದ ಕಪಾಳಕ್ಕೆ ಹೊಡೆಸಿಕೊಳ್ಳುವ ಕ್ಯಾಬರೆ ಹುಡುಗಿ ಇವಳೇ. ಅದೇ ವರ್ಷ ರಾಣಿ ಮಾರ್ಗೋ ಕೂಡ ಇವಳೇ. ಇನ್ನು ಮಾಲ್? ಇಪ್ಪತ್ತೈದರ ಆಸುಪಾಸಿನ ಯುವಕ. ಕಡಲ ಶೋಧಕ ಕುಸ್ತೋ ಜೊತೆಗೂಡಿ ಸಮುದ್ರದಾಳದ ಸಾಕ್ಷ್ಯಚಿತ್ರ ಮಾಡಿದ್ದ, ನಿರ್ದೇಶಕ ಬ್ರೆಸೋನ್‌ನ ಬಳಿ ಸ್ವಲ್ಪ ಕಾಲ ಸಹಾಯಕನಾಗಿದ್ದ. ಕುಸ್ತೋ ಜೊತೆಗಿನ ಚಿತ್ರಕ್ಕೆ 1956ರಲ್ಲಿ ಕಾನ್ ಉತ್ಸವದ ದೊಡ್ಡ ಪ್ರಶಸ್ತಿ ಬಂದಿತ್ತು, ನಿಜ. ಆದರೆ ವೃತ್ತಿ ನಟರನ್ನು ಇಟ್ಟುಕೊಂಡು ಆತ ಒಂದು ಕಥಾಚಿತ್ರವನ್ನೂ ನಿರ್ದೇಶಿಸಿರಲಿಲ್ಲ. ಇಂಥವನ ಮೊದಲ ಕಥಾಚಿತ್ರಕ್ಕೆ ಹೆಸರು ಮಾಡಿದ ನಟಿಯೊಬ್ಬಳು ಒಪ್ಪಿಕೊಂಡರೆ ಅವಕಾಶ ಸಿಕ್ಕಿದ್ದು ಯಾರಿಗೆ? ಉತ್ತರ ಓದುಗರಿಗೇ ಬಿಡುತ್ತೇನೆ.

ಎದುರು ಪಕ್ಷದ ಬಲವಾದ ವಾದವನ್ನು ಇಲ್ಲಿ ಮುಂದಿಡದಿದ್ದರೆ ಅನ್ಯಾಯವಾಗುತ್ತದೆ. ಆ ಇಪ್ಪತ್ತು ಚಿತ್ರಗಳಲ್ಲಿ ಇಲ್ಲದ್ದು ಏನೋ ಒಂದು 1958ರಲ್ಲಿ ತೆರೆಕಂಡ ‘ಎಲಿವೇಟರ್ ಟು ದ ಗ್ಯಾಲೋಸ್’ನಲ್ಲಿ ಇದೆ, ಅದನ್ನು ಕಂಡ ಕಣ್ಣು ಮಾಲ್‌ನದು, ಛಾಯಾಗ್ರಾಹಕ ಆಂರಿ ದೆಕಾಯೆಯದು ಎನ್ನುತ್ತಾರೆ. ಇದು ಸರಿಯಾದ ಮಾತು. ಅದುವರೆಗಿನ ಛಾಯಾಗ್ರಾಹಕರು ಆಕೆಯ ಮುಖಕ್ಕೆ ದಪ್ಪ ಮೇಕಪ್ ಬಳಿದು, ಕಣ್ಣ ಕೆಳಗಿನ ಕಪ್ಪನ್ನು ಮರೆಮಾಚಿ, ಸಾಂಪ್ರದಾಯಿಕ ಚೆಲುವೆಯನ್ನಾಗಿಸಲು ಹೆಣಗಿದ್ದರು. ದೆಕಾಯೆ ಬೆಳಕಿಗೆ ಬೇಗ ಸ್ಪಂದಿಸುವ ಫಿಲ್ಮ್ ಹಾಕಿ, ಶಾಂಜೆಲಿಜೆಯ ಅಂಗಡಿಗಳ ಗಾಜಿನಿಂದ ಬೀಳುವ ಬೆಳಕಿನಲ್ಲಿಯೇ ಆಕೆ ನಡೆಯುವುದನ್ನು ಚಿತ್ರೀಕರಿಸಿದ. ಲ್ಯಾಬಿನ ತಂತ್ರಜ್ಞರು ಆ ದೃಶ್ಯಗಳನ್ನು ನೋಡಿ ಗಾಬರಿಯಾಗಿ, ಈ ಇಬ್ಬರೂ ಸೇರಿ ಮೊರೊಳನ್ನು ಹಾಳುಮಾಡುತ್ತಿದ್ದಾರೆಂದು ನಿರ್ಮಾಪಕನಿಗೆ ದೂರು ಕೊಟ್ಟರೆಂದು ಮಾಲ್ ಹೇಳಿಕೊಂಡಿದ್ದ. ಆ ಧೈರ್ಯದ ಶ್ರೇಯಸ್ಸು ಅವರಿಬ್ಬರಿಗೂ ಸಲ್ಲಲೇಬೇಕು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಮೇಕಪ್ ತೆಗೆದಾಗ ಕೆಳಗೆ ಏನಿತ್ತು? ಆ ಚಿತ್ರದಲ್ಲಿ ಮೊರೊ ಮಾಡಬೇಕಾದ ಕೆಲಸವನ್ನು ಸುಮ್ಮನೆ ಯೋಚಿಸಿ. ಗಂಡನನ್ನು ಕೊಲ್ಲಲು ಹೋದ ಪ್ರಿಯಕರ ವಾಪಸು ಬಂದಿಲ್ಲ. ಅವನು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಅದು ಆಕೆಗೆ ಗೊತ್ತಿಲ್ಲ. ತನ್ನನ್ನು ಬಿಟ್ಟು ಓಡಿಹೋದನೆಂದು ಭಾವಿಸಿ ರಾತ್ರಿಯಿಡೀ ಊರು ಅಲೆಯುತ್ತಾಳೆ. ಎದುರಿಗೆ ಮಾತಾಡುವ ಸಹನಟನಿಲ್ಲ, ಹಿಡಿದುಕೊಳ್ಳಲು ಸಂಭಾಷಣೆಯ ಆಸರೆಯಿಲ್ಲ, ಮಾಡಲು ಕೆಲಸವಿಲ್ಲ. ನಡೆಯಬೇಕು, ಅಷ್ಟೇ. ಹೀಗೆ ಬರಿದೇ ನಡೆಯುತ್ತ ನಿಮಿಷಗಟ್ಟಲೆ ಪ್ರೇಕ್ಷಕನನ್ನು ಹಿಡಿದಿಡುವುದು ಕ್ಯಾಮೆರಾ ಕೊಡುವ ವರವಲ್ಲ. ಹತ್ತು ವರ್ಷ ಆವಿನ್ಯೋಂನ ಬಯಲು ರಂಗದಲ್ಲಿ, ಪ್ಯಾರಿಸ್ಸಿನ ದೊಡ್ಡ ವೇದಿಕೆಗಳಲ್ಲಿ, ಕಟ್ಟಕಡೆಯ ಸಾಲಿನವನಿಗೂ ಬೆನ್ನಿನಿಂದಲೇ ಅರ್ಥ ಮುಟ್ಟಿಸಲು ಕಲಿತ ಮೈ ಅದು. ಅಮೆರಿಕದ ಜಾಝ್ ವಾದಕ ಮೈಲ್ಸ್ ಡೇವಿಸ್ 1957ರ ಡಿಸೆಂಬರಿನ ಒಂದು ರಾತ್ರಿ ಸ್ಟುಡಿಯೋದಲ್ಲಿ ನಿಂತು, ತೆರೆಯ ಮೇಲೆ ಓಡುತ್ತಿದ್ದ ದೃಶ್ಯಗಳನ್ನು ನೋಡುತ್ತ ಆಶುವಾಗಿ ಟ್ರಂಪೆಟ್ ನುಡಿಸಿದ. ನಾವು ಇಂದು ಆ ನಡಿಗೆಗೆ ಮಾಧುರ್ಯ ಕೊಟ್ಟಿದ್ದು ಆ ಸಂಗೀತ ಎನ್ನುತ್ತೇವೆ. ನಡೆದದ್ದು ಮೊದಲು; ನುಡಿಸಿದ್ದು ಆಮೇಲೆ.

ಇನ್ನು ‘ಹೊಸ ಅಲೆಯ ತಾರೆ’ ಎಂಬ ಬಿರುದು. ಹೊಸ ಅಲೆ ಲೋಕಕ್ಕೆ ಪರಿಚಯವಾದದ್ದು 1959ರ ಕಾನ್ ಉತ್ಸವದಲ್ಲಿ, ತ್ರುಫೊನ ‘ದ 400 ಬ್ಲೋಸ್’ ಚಿತ್ರದೊಂದಿಗೆ ಎನ್ನುವುದು ಸರ್ವಸಮ್ಮತ. ಆ ಚಿತ್ರದಲ್ಲಿಯೂ ಮೊರೊ ಇದ್ದಾಳೆ. ರಾತ್ರಿ ಬೀದಿಯಲ್ಲಿ ಕಳೆದುಹೋದ ನಾಯಿಮರಿಯನ್ನು ಹುಡುಕುವ ಹೆಂಗಸಾಗಿ ಕ್ಷಣಹೊತ್ತು ಕಾಣಿಸಿಕೊಂಡು ಮಾಯವಾಗುತ್ತಾಳೆ. ಹೊಸಬನ ಮೊದಲ ಚಿತ್ರಕ್ಕೆ ತಾರೆಯೊಬ್ಬಳು ಮಾಡಿಕೊಟ್ಟ ಉಪಕಾರವದು. 1960ರಲ್ಲಿ ಕಾನ್‌ನಲ್ಲಿ ಆಕೆಗೆ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಚಿತ್ರ ಮಾರ್ಗರೀತ್ ದ್ಯುರಾಸಳ ಕಾದಂಬರಿ ಆಧರಿಸಿದ ‘ಮೊದೆರಾತೊ ಕಾಂತಾಬಿಲೆ’, ನಿರ್ದೇಶಕ ಅದೇ ಪೀಟರ್ ಬ್ರೂಕ್. ಇಬ್ಬರೂ ರಂಗಭೂಮಿಯಿಂದ ಬಂದವರು. ‘ಜೂಲ್ಸ್ ಅಂಡ್ ಜಿಮ್’ ತೆರೆಗೆ ಬಂದದ್ದು 1962ರಲ್ಲಿ. ಆಗ ಮೊರೊ ಅಂತರರಾಷ್ಟ್ರೀಯ ಹೆಸರು. ತ್ರುಫೊ ಎರಡನೆಯ ಚಿತ್ರ ಸೋತು ಕಳವಳದಲ್ಲಿದ್ದ ನಿರ್ದೇಶಕ.

ಆ ಚಿತ್ರದ ಮಾತು ಬಂದಾಗಲೆಲ್ಲ ಎಲ್ಲರೂ ನೆನಪಿಸಿಕೊಳ್ಳುವುದು ಒಂದು ಹಾಡನ್ನು. ಗಿಟಾರ್ ಹಿಡಿದ ಗೆಳೆಯನ ಪಕ್ಕ ಕುಳಿತು ಮೊರೊ ಹಾಡುವ ‘ಸುಳಿ’ಯ ಹಾಡು. ಅದು ಚಿತ್ರಕ್ಕಾಗಿ ಹುಟ್ಟಿದ್ದಲ್ಲ. ಮೊರೊ ಮತ್ತು ಆಕೆಯ ಮೊದಲ ಗಂಡ ಝಾಂ ಲೂಯಿ ರಿಶಾರ್, ಇಬ್ಬರಿಗೂ ಸ್ನೇಹಿತನಾಗಿದ್ದ ಸೆರ್ಜ್ ರೆಜ್ವಾನಿ, ಆ ದಂಪತಿಯ ಕೂಡುವಿಕೆ–ಅಗಲಿಕೆಗಳನ್ನು ನೋಡಿ ವರ್ಷಗಳ ಹಿಂದೆಯೇ ಕಟ್ಟಿದ್ದ ಹಾಡು. ಮನೆಯ ಬೈಠಕ್ಕಿನಲ್ಲಿ ಹಾಡಿಕೊಳ್ಳುತ್ತಿದ್ದದ್ದು ತ್ರುಫೊನ ಕಿವಿಗೆ ಬಿದ್ದು ಚಿತ್ರಕ್ಕೆ ಬಂತು. ತೆರೆಯ ಮೇಲೆ ಗಿಟಾರ್ ನುಡಿಸುತ್ತಿರುವವನೂ ರೆಜ್ವಾನಿಯೇ. ಚಿತ್ರೀಕರಣದಲ್ಲಿ ಮೊರೊ ಚರಣಗಳನ್ನು ಹಿಂದುಮುಂದು ಮಾಡಿ, ತಪ್ಪಿದೆನೆಂದು ಕೈಯಲ್ಲೇ ಸನ್ನೆ ಮಾಡಿದಳು. ತ್ರುಫೊ ಆ ಟೇಕನ್ನೇ ಉಳಿಸಿಕೊಂಡ. ಉಳಿಸಿಕೊಂಡದ್ದು ಆತನ ಜಾಣ್ಮೆ, ಉಳಿಸಿಕೊಳ್ಳುವಂಥದ್ದನ್ನು ತಂದವಳು ಆಕೆ. ಚಿತ್ರದ ಬಜೆಟ್ ಎಷ್ಟು ಬಡವಾಗಿತ್ತೆಂದರೆ ಇಡೀ ತಂಡಕ್ಕೆ ಮೊರೊ ಅಡುಗೆ ಮಾಡಿ ಬಡಿಸಿದ್ದೂ ಉಂಟು, ದುಡ್ಡು ಸಾಲದಾದಾಗ ತನ್ನ ಕೈಯಿಂದ ಹಾಕಿದ್ದೂ ಉಂಟು. ಇಷ್ಟಾದ ಮೇಲೂ ನಾವು ಹೇಳುವ ಕಥೆಯಲ್ಲಿ ಆಕೆ ತ್ರುಫೊನ ಸೃಷ್ಟಿ!

ಆಕೆಯ ಅರವತ್ತರ ದಶಕದ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿದರೂ ಸಾಕು, ‘ಹೊಸ ಅಲೆಯ ತಾರೆ’ ಎಂಬ ಬಿರುದು ಎಷ್ಟು ಬಿಗಿಯೆಂದು ತಿಳಿಯುತ್ತದೆ. ‘ಲಾ ನೋತ್ತೆ’ಯ ಅಂತೋನಿಯೋನಿ ಇಟಲಿಯವನು. ‘ಈವಾ’ದ ಲೋಸಿ, ‘ದ ಟ್ರಯಲ್’ ಮತ್ತು ‘ಚೈಮ್ಸ್ ಅಟ್ ಮಿಡ್‌ನೈಟ್’ನ ಆರ್ಸನ್ ವೆಲ್ಸ್ ಅಮೆರಿಕದವರು. ‘ಡೈರಿ ಆಫ್ ಎ ಚೇಂಬರ್‌ಮೇಡ್’ನ ಬುನ್ಯುಯೆಲ್ ಸ್ಪೇನಿನವನು. ‘ಮದ್ಮುವಾಝೆಲ್’ನ ಟೋನಿ ರಿಚರ್ಡ್‌ಸನ್ ಇಂಗ್ಲೆಂಡಿನವನು. ಹೊಸ ಅಲೆಯ ಅತ್ಯಂತ ಗಟ್ಟಿ ದನಿಯಾದ ಗೊದಾರ್‌ನ ಅರವತ್ತರ ದಶಕದ ಚಿತ್ರಗಳಲ್ಲಿ ಆಕೆ ಕಾಣುವುದು ‘ಎ ವುಮನ್ ಈಸ್ ಎ ವುಮನ್’ನಲ್ಲಿ ತಮಾಷೆಗೆ ಹೀಗೆ ಬಂದು ಹಾಗೆ ಹೋಗುವ ಒಂದು ಗಳಿಗೆ ಮಾತ್ರ. ಐದಾರು ದೇಶಗಳ, ಒಬ್ಬರಿಗೊಬ್ಬರು ಹೋಲದ ನಿರ್ದೇಶಕರು ಒಂದೇ ನಟಿಯನ್ನು ಹುಡುಕಿಕೊಂಡು ಬಂದರೆ, ಅವರೆಲ್ಲರಲ್ಲೂ ಸಾಮಾನ್ಯವಾಗಿದ್ದ ಅಂಶ ಯಾವುದೆಂದು ಕೇಳಬೇಕಲ್ಲವೇ? ಅದು ಮೊರೊ.

ಹಾಗಿದ್ದರೆ ಈ ತಿರುಗುಮುರುಗು ಕಥೆ ನಿಂತದ್ದು ಹೇಗೆ? ಇದರಲ್ಲಿ ಯಾರ ಪಿತೂರಿಯನ್ನೂ ನಾನು ಕಾಣುವುದಿಲ್ಲ. 1954ರ ಜನವರಿಯಲ್ಲಿ ‘ಕಾಯೇ ದ್ಯು ಸಿನಿಮಾ’ ಪತ್ರಿಕೆಯಲ್ಲಿ ಇಪ್ಪತ್ತೊಂದರ ತ್ರುಫೊ ಒಂದು ಖಾರವಾದ ಲೇಖನ ಬರೆದ. ಚಿತ್ರಕಥೆಗಾರರ ಕೈಗೊಂಬೆಯಾದ ಹಳೆಯ ಫ್ರೆಂಚ್ ಸಿನಿಮಾವನ್ನು ಟೀಕಿಸಿದ ಆ ಬರಹದಿಂದ, ಸಿನಿಮಾದ ನಿಜವಾದ ಕರ್ತೃ ನಿರ್ದೇಶಕ ಎಂಬ ವಾದ ಬೆಳೆಯಿತು. ಹಾಗೆ ಬರೆದವರೇ ಮುಂದೆ ನಿರ್ದೇಶಕರಾದರು. ಅವರ ಶಿಷ್ಯರು ಇತಿಹಾಸ ಬರೆದರು. ಫಿಲ್ಮ್ ಸೊಸೈಟಿಗಳು, ಕಾಲೇಜಿನ ಪಠ್ಯಗಳು ಸಿನಿಮಾವನ್ನು ನಿರ್ದೇಶಕರ ಹೆಸರಿನ ಕಪಾಟುಗಳಲ್ಲಿ ಜೋಡಿಸಿದವು. ಈ ವಾದದಿಂದ ಸಿನಿಮಾಕ್ಕೆ ದೊಡ್ಡ ಲಾಭವಾಯಿತು, ಅದನ್ನು ಮರೆಯಬಾರದು; ಸಿನಿಮಾವನ್ನು ಕಾದಂಬರಿಯಷ್ಟೇ ಗಂಭೀರವಾಗಿ ನೋಡಲು ಅದು ಕಲಿಸಿತು. ಆದರೆ ಕಪಾಟಿಗೆ ಒಬ್ಬನದೇ ಹೆಸರು ಅಂಟಿಸಿದಾಗ, ಒಳಗಿರುವ ಉಳಿದವರೆಲ್ಲ ಅವನ ಸಾಮಾನಿನಂತೆ ಕಾಣತೊಡಗುತ್ತಾರೆ. ಅವರಲ್ಲಿ ನಟಿಯೊಬ್ಬಳಿದ್ದರೆ, ನಿರ್ದೇಶಕನೊಂದಿಗೆ ಆಕೆಯ ಒಡನಾಟದ ಗಾಳಿಸುದ್ದಿಯೂ ಸೇರಿಕೊಂಡರೆ, ಕೇಳುವುದೇ ಬೇಡ.

ಶ್ರೇಯಸ್ಸು ಹಂಚುವ ಈ ಕ್ರಮ ಕಳಂಕ ಹಂಚುವಾಗ ಬದಲಾಗುತ್ತದೆ ಎಂಬುದನ್ನೂ ಗಮನಿಸಿ. ಮಾಲ್‌ನ ‘ದ ಲವರ್ಸ್’ 1958ರಲ್ಲಿ ವೆನಿಸ್ ಉತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಪಡೆಯಿತು. ಗಂಡ, ಮಗು, ಮನೆ ಎಲ್ಲವನ್ನೂ ಬಿಟ್ಟು ಒಂದು ರಾತ್ರಿಯ ಪ್ರಿಯಕರನ ಜೊತೆ ಹೊರಟುಹೋಗುವ, ಕೊನೆಯಲ್ಲಿ ಶಿಕ್ಷೆಯನ್ನೂ ಅನುಭವಿಸದ ಹೆಣ್ಣಿನ ಕಥೆಯದು. ಅಮೆರಿಕದ ಒಹಾಯೊ ರಾಜ್ಯದಲ್ಲಿ ಅದನ್ನು ತೋರಿಸಿದ ಚಿತ್ರಮಂದಿರದ ಮ್ಯಾನೇಜರನಿಗೆ 2,500 ಡಾಲರ್ ದಂಡ ಬಿತ್ತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 1964ರಲ್ಲಿ ದಂಡ ರದ್ದಾಯಿತು. ಅಶ್ಲೀಲತೆಗೆ ವ್ಯಾಖ್ಯೆ ಕೊಡಲಾರೆ, ಕಂಡರೆ ಗೊತ್ತಾಗುತ್ತದೆ, ಈ ಚಿತ್ರ ಅದಲ್ಲ ಎಂದು ನ್ಯಾಯಮೂರ್ತಿ ಪಾಟರ್ ಸ್ಟುವರ್ಟ್ ಬರೆದ ಅಭಿಪ್ರಾಯ ಕಾನೂನು ವಿದ್ಯಾರ್ಥಿಗಳಿಗೆ ಇಂದಿಗೂ ಬಾಯಿಪಾಠ. ಇಷ್ಟೆಲ್ಲ ಗದ್ದಲಕ್ಕೆ ಕಾರಣವಾದದ್ದು ಕ್ಲೋಸಪ್ಪಿನಲ್ಲಿ ಕಾಣುವ ಮೊರೊಳ ಮುಖ. ಚಿತ್ರದ ಕೀರ್ತಿ ನಿರ್ದೇಶಕನಿಗೆ ಹೋಯಿತು, ನಾಚಿಕೆಯಿಲ್ಲದವಳು ಎಂಬ ಮಾತನ್ನು ಹೊರಬೇಕಾದವಳು ಮಾತ್ರ ನಟಿ.

ಇನ್ನೊಂದು ಆಕ್ಷೇಪ ಬರಬಹುದು. ಮೊರೊಳೇ ಜೀವನದುದ್ದಕ್ಕೂ ನಿರ್ದೇಶಕರನ್ನು ಹಾಡಿ ಹೊಗಳಿದ್ದಾಳಲ್ಲ, ಆಕೆಗಿಲ್ಲದ ಸಂಕಟ ನಿಮಗೇಕೆ? ಹೊಗಳಿದ್ದು ನಿಜ. ಆದರೆ ಒಬ್ಬ ದೊಡ್ಡ ಕಲಾವಿದೆಯ ಸೌಜನ್ಯವನ್ನು ಆಕೆಯ ವಿರುದ್ಧವೇ ಸಾಕ್ಷಿಯಾಗಿ ಬಳಸುವುದು ನ್ಯಾಯವಲ್ಲ. ಆಕೆ ಏನು ಹೇಳಿದಳು ಎಂಬುದಕ್ಕಿಂತ ಏನು ಮಾಡಿದಳು ಎಂದು ನೋಡುವುದು ಒಳ್ಳೆಯದು. 1976ರಲ್ಲಿ ತಾನೇ ಬರೆದು, ತಾನೇ ನಿರ್ದೇಶಿಸಿ ‘ಲ್ಯುಮಿಯೇರ್’ ಮಾಡಿದಳು. ಬೇರೆ ಬೇರೆ ವಯಸ್ಸಿನ ನಾಲ್ವರು ನಟಿಯರ ಕೆಲಸ, ಸ್ನೇಹ, ಪ್ರೇಮಗಳ ಕಥೆ. ಗಂಡಸರು ಅಲ್ಲಿ ಸುತ್ತಮುತ್ತ ಇರುವವರು. 1979ರಲ್ಲಿ ‘ದ ಅಡಲಸೆಂಟ್’: 1939ರ ಬೇಸಿಗೆ, ಯುದ್ಧ ಇನ್ನೇನು ಶುರುವಾಗಬೇಕು, ಹಳ್ಳಿಯ ಅಜ್ಜಿಯ ಮನೆಗೆ ಬಂದ ಹುಡುಗಿ ದೊಡ್ಡವಳಾಗುತ್ತಾಳೆ. ಅಜ್ಜಿಯ ಪಾತ್ರ ಸಿಮೋನ್ ಸಿನ್ಯೊರೆಯದು. ಆಮೇಲೆ ಮೂಕಿ ಚಿತ್ರಗಳ ಮಹಾನಟಿ ಲಿಲಿಯನ್ ಗಿಶ್ ಕುರಿತು ಸಾಕ್ಷ್ಯಚಿತ್ರ. ಮೂರೂ ನಟಿಯರ ಮತ್ತು ಹೆಣ್ಣುಮಕ್ಕಳ ಬದುಕಿನ ಬಗ್ಗೆ. ನಿರ್ದೇಶನದ ಕುರ್ಚಿ ಸಿಕ್ಕಾಗ ಆಕೆ ಎತ್ತಿಕೊಂಡದ್ದು ಈ ವಿಷಯವನ್ನು ಎಂಬುದರಲ್ಲಿಯೇ ಉತ್ತರವಿದೆ.

ಈ ಚಿತ್ರಗಳು ‘ಜೂಲ್ಸ್ ಅಂಡ್ ಜಿಮ್’ನ ಎತ್ತರದವು ಎಂದು ನಾನು ವಾದಿಸಲಾರೆ. ‘ಲ್ಯುಮಿಯೇರ್’ ಅಲ್ಲಲ್ಲಿ ಚದುರುತ್ತದೆ, ‘ದ ಅಡಲಸೆಂಟ್’ ತುಸು ಮೆತ್ತಗಿದೆ. ಆದರೆ ಒಬ್ಬ ಗಂಡಸು ನಟನೆಯಿಂದ ನಿರ್ದೇಶನಕ್ಕೆ ಬಂದು ಇಂಥ ಎರಡು ಚಿತ್ರ ಮಾಡಿದ್ದರೆ ಆತನ ಬಗೆಗಿನ ಪ್ರತಿ ಬರಹದಲ್ಲೂ ಒಂದು ಪುಟ ಅದಕ್ಕೆ ಮೀಸಲಾಗುತ್ತಿತ್ತು ಎಂಬುದು ನನ್ನ ನಂಬಿಕೆ. ಮೊರೊಳ ವಿಷಯದಲ್ಲಿ ಅದು ಅಡಿಟಿಪ್ಪಣಿ. ‘ಹೊಸ ಅಲೆಯ ತಾರೆ’ ಎಂಬ ಚೌಕಟ್ಟಿಗೆ 1970ರ ನಂತರದ ನಲವತ್ತೇಳು ವರ್ಷಗಳು ಹಿಡಿಸುವುದೇ ಇಲ್ಲ. ಹಾಗಾಗಿ ಅವು ಇಳಿಗಾಲವೆಂದು ಓದುಗರಿಗೆ ಅನ್ನಿಸಿಬಿಡುತ್ತದೆ. ಗರ್ಭಪಾತ ಅಪರಾಧವಾಗಿದ್ದ 1971ರಲ್ಲಿ, ತಾವೂ ಮಾಡಿಸಿಕೊಂಡಿದ್ದೇವೆಂದು 343 ಮಹಿಳೆಯರು ಸಹಿ ಹಾಕಿದ ಪ್ರಕಟಣೆಯಲ್ಲಿ ಆಕೆಯ ಹೆಸರಿತ್ತು. 1975ರಲ್ಲೂ 1995ರಲ್ಲೂ ಕಾನ್ ಉತ್ಸವದ ತೀರ್ಪುಗಾರರ ಅಧ್ಯಕ್ಷೆ ಆಕೆ. ಎಂಬತ್ತರ ದಶಕದಲ್ಲಿ ಮತ್ತೆ ರಂಗಕ್ಕೆ ಮರಳಿ, ಹೆರ್ಮಾನ್ ಬ್ರೋಖ್‌ನ ಕೃತಿ ಆಧರಿಸಿದ ನಾಟಕದಲ್ಲಿ ಬಹುಪಾಲು ಒಬ್ಬಳೇ ಮಾತಾಡುವ ಮುದಿ ಮನೆಗೆಲಸದವಳಾಗಿ, 1988ರ ಮೊಲಿಯೇರ್ ಪ್ರಶಸ್ತಿ ಪಡೆದಳು. ಫ್ರೆಂಚ್ ಸಿನಿಮಾದ ಸೆಝಾರ್ ಶ್ರೇಷ್ಠ ನಟಿ ಪ್ರಶಸ್ತಿ ಆಕೆಗೆ ಬಂದದ್ದು 1992ರಲ್ಲಿ, 64ನೇ ವಯಸ್ಸಿನಲ್ಲಿ, ಒಬ್ಬ ಮುದಿ ವಂಚಕಿಯ ಪಾತ್ರಕ್ಕೆ. ಇಳಿಗಾಲ ಹೀಗಿರುತ್ತದೆಯೇ?

ಆಕೆ 1955ರಲ್ಲಿ ಆಡಿದ ‘ಪಿಗ್ಮೇಲಿಯನ್’ ನಾಟಕದತ್ತ ಇಲ್ಲಿ ಓದುಗರ ಗಮನ ಸೆಳೆಯಬೇಕು. ಹೂ ಮಾರುವ ಎಲೈಝಾಳಿಗೆ ಉಚ್ಚಾರ ಕಲಿಸಿದ ಪ್ರೊಫೆಸರ್ ಹಿಗಿನ್ಸ್ ಅವಳನ್ನು ತಾನೇ ಸೃಷ್ಟಿಸಿದೆನೆಂದು ಬೀಗುತ್ತಾನೆ. ಎಲೈಝಾ ಅವನನ್ನು ಬಿಟ್ಟು ಹೊರಡುತ್ತಾಳೆ. ಪ್ರೇಕ್ಷಕರಿಗೆ ಇದು ಹಿಡಿಸದೆ, ಇಬ್ಬರನ್ನೂ ಒಂದುಗೂಡಿಸಬೇಕೆಂದು ಆಸೆಪಟ್ಟಾಗ, ಹಾಗಾಗದು ಎಂದು ವಿವರಿಸಿ ಶಾ ಒಂದು ಉಪಸಂಹಾರವನ್ನೇ ಬರೆಯಬೇಕಾಯಿತು. ಪ್ರೇಕ್ಷಕರ ಆ ಆಸೆಯೇ ಮೊರೊಳ ಕಥೆಯಲ್ಲೂ ಕೆಲಸ ಮಾಡಿದೆ. ಪ್ರತಿಭೆ ಇರುವ ಹೆಣ್ಣಿನ ಹಿಂದೆ ಒಬ್ಬ ಮೇಷ್ಟರು ಇದ್ದರೆ ನಮಗೆ ಸಮಾಧಾನ. ಮಾಲ್ ಮತ್ತು ತ್ರುಫೊ ಹಿಗಿನ್ಸ್‌ನಂತೆ ಬೀಗಿದವರಲ್ಲ. ಅವರ ಪರವಾಗಿ ಬೀಗಿದವರು ನಾವು.

ನನ್ನ ವಾದವನ್ನು ಅತಿಗೆ ಎಳೆಯುವುದೂ ಬೇಡ. ಮೊರೊಳೇ ಹೊಸ ಅಲೆಯನ್ನು ಹುಟ್ಟಿಸಿದಳು ಎಂದರೆ ಅದು ಇನ್ನೊಂದು ಉತ್ಪ್ರೇಕ್ಷೆ. ಮಾಲ್ ಇಲ್ಲದಿದ್ದರೆ ಆ ನಡಿಗೆ ನಮಗೆ ಕಾಣುತ್ತಿರಲಿಲ್ಲ, ತ್ರುಫೊ ಇಲ್ಲದಿದ್ದರೆ ಆ ಹಾಡು ನಾಲ್ಕು ಜನ ಗೆಳೆಯರ ನಡುವೆಯೇ ಉಳಿಯುತ್ತಿತ್ತು. ಆದರೆ ಪಳಗಿದ ನಟಿಯೊಬ್ಬಳು ಕಣ್ಣುಬಿಟ್ಟುಕೊಂಡೇ ಅನನುಭವಿ ಹುಡುಗರನ್ನು ನಂಬಿದಳು, ಆ ನಂಬಿಕೆಯಿಂದ ಎರಡೂ ಕಡೆಯವರು ಬೆಳೆದರು ಎಂಬುದು ದಾಖಲೆಗಳು ಹೇಳುವ ಸಂಗತಿ. ಇದನ್ನು ಒಪ್ಪಿಕೊಂಡರೆ ಮಾಲ್‌ಗಾಗಲಿ ತ್ರುಫೊಗಾಗಲಿ ಏನೂ ನಷ್ಟವಿಲ್ಲ.

ಫ್ರಾನ್ಸಿನ ಲಲಿತಕಲಾ ಅಕಾಡೆಮಿ 2000ದಲ್ಲಿ ಮೊರೊಳನ್ನು ತನ್ನ ಸದಸ್ಯೆಯನ್ನಾಗಿ ಆರಿಸಿತು. ಆ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ ಆಕೆ. ಆಕೆಗೆ ಸ್ಥಾನ ಕೊಟ್ಟದ್ದು ಸಿನಿಮಾ ಸೃಷ್ಟಿಕರ್ತರ ವಿಭಾಗದಲ್ಲಿ. ಅಕಾಡೆಮಿಗಳು ಸಾಮಾನ್ಯವಾಗಿ ತಡವಾಗಿ ಎಚ್ಚರಗೊಳ್ಳುತ್ತವೆ. ಈ ಒಂದು ವಿಷಯದಲ್ಲಿ ಅದು ವಿಮರ್ಶಕರಿಗಿಂತ ಮುಂದಿತ್ತು.